ಮಗ್ಗುಲು, ನೀರು, ಸ್ನಾಯುಗಳ ಬಿಗಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದವು. ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲಿಗೆ ಒಂದು ಪದದ ಅರ್ಥ. ಇಲ್ಲಿ ಸ್ನಾಯುವಿನ ‘ಬಿಗಿ’ ಎಂದರೆ ಶಕ್ತಿ ಅಲ್ಲ. ನೀವು ಕೈಯನ್ನು ಸಡಿಲ ಬಿಟ್ಟು, ಇನ್ನೊಬ್ಬರು ಅದನ್ನು ಮಡಚಿ ಬಿಡಿಸುವಾಗ ಅವರ ಕೈಗೆ ಸಿಗುವ ತಡೆ. ಫಿಜಿಯೋಥೆರಪಿಯವರು ಟೋನ್ ಅನ್ನುವುದು ಇದನ್ನೇ. ಈ ತಡೆ ಸ್ನಾಯುವಿನ ಸ್ವಂತ ಆಸ್ತಿಯಲ್ಲ. ತಲೆ ಎತ್ತ ವಾಲಿದೆ, ಮೈಭಾರ ಎಲ್ಲಿ ಊರಿದೆ, ಚರ್ಮಕ್ಕೆ ಚಳಿಯೋ ಸೆಖೆಯೋ ಎಂಬ ಸುದ್ದಿಯನ್ನೆಲ್ಲ ನೋಡಿಕೊಂಡು ಮಿದುಳು ಮತ್ತು ಬೆನ್ನುಹುರಿ ಅದನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತವೆ. ಆದ್ದರಿಂದ ಸೆಟೆದ ಕೈಕಾಲನ್ನು ಎಳೆಯುವ ಮೊದಲು ಮೈಯ ಭಂಗಿ ಬದಲಿಸಿ ನೋಡಬೇಕು.

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಅಂಗಾತ ಮಲಗಿಸಿದರೆ ಬಲಗೈ ಎದೆಗೆ ಮಡಚಿಕೊಳ್ಳುತ್ತದೆ, ಕಾಲು ಕೋಲಿನಂತೆ ಸೆಟೆಯುತ್ತದೆ. ಮಗ್ಗುಲಿಗೆ ತಿರುಗಿಸಿದರೆ ಸ್ವಲ್ಪ ಸಡಿಲ. ಬಿಸಿನೀರು ಹುಯ್ದಾಗ ಚೆನ್ನಾಗಿ ಬಿಡುತ್ತದೆ, ಅರ್ಧ ಗಂಟೆಗೆ ಮತ್ತೆ ಮೊದಲಿನ ಹಾಗೇ. ಯಾಕೆ? ಹೇಗೆ ಮಲಗಿಸಬೇಕು? — ಮಳವಳ್ಳಿಯ ಓದುಗರು

ಉತ್ತರ: ನೀವು ಗಮನಿಸಿರುವುದು ಸರಿಯಾಗಿದೆ. ಕಿವಿಯ ಒಳಗಿನ ಸಮತೋಲದ ಅಂಗ ಮತ್ತು ಕತ್ತಿನ ಕೀಲುಗಳು ತಲೆಯ ಸ್ಥಿತಿಯನ್ನು ಸದಾ ವರದಿ ಮಾಡುತ್ತಿರುತ್ತವೆ. ಆ ವರದಿಗೆ ತಕ್ಕಂತೆ ಕೈಕಾಲಿನ ಬಿಗಿ ಏರಿಳಿಯುತ್ತದೆ. 1912ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ವಿಜ್ಞಾನಿಗಳಾದ ರುಡಾಲ್ಫ್ ಮಾಗ್ನಸ್ ಮತ್ತು ಡಿ ಕ್ಲೈನ್ ಇದನ್ನು ಬೆಕ್ಕುಗಳಲ್ಲಿ ಬಿಡಿಬಿಡಿಯಾಗಿ ತೋರಿಸಿದರು. ಆರೋಗ್ಯವಂತರಲ್ಲಿ ಮಿದುಳಿನ ಮೇಲ್ಭಾಗ ಈ ಪ್ರತಿಕ್ರಿಯೆಗಳನ್ನು ಅದುಮಿಟ್ಟಿರುತ್ತದೆ. ಲಕ್ವದಲ್ಲಿ ಆ ಹಿಡಿತ ತಪ್ಪುವುದರಿಂದ ಅವು ಮೇಲೆದ್ದು ಕಾಣುತ್ತವೆ. ಅಂಗಾತ ಮಲಗಿದಾಗ ಬೆನ್ನು ಮತ್ತು ಕಾಲನ್ನು ನೀಡಿಸುವ ಸ್ನಾಯುಗಳಿಗೆ ಬಿಗಿ ಏರುತ್ತದೆ, ಹೆಗಲ ಹಲಗೆ ಹಿಂದಕ್ಕೆ ಸರಿಯುತ್ತದೆ, ಅದರ ಬೆನ್ನಿಗೇ ಮೊಣಕೈ ಮಡಚುತ್ತದೆ. ಮಗ್ಗುಲಲ್ಲಿ ಈ ಪ್ರಭಾವ ಅತಿ ಕಡಿಮೆ.

ಬಲ ಮಗ್ಗುಲು, ಅಂದರೆ ಲಕ್ವವಾದ ಕಡೆ ಮಲಗಿಸುವುದು ಒಳ್ಳೆಯದೇ. ಮನೆಯವರು ಹೆದರಿ ಬಿಡುವುದು ಇದನ್ನೇ. ಆ ಕಡೆಯ ಮೈಗೆ ಹಾಸಿಗೆಯ ಒತ್ತಡ ಸಿಕ್ಕಾಗ ಬಿಗಿ ಇಳಿಯುವುದೇ ಹೆಚ್ಚು. ತಲೆಗೆ ಒಂದೇ ದಿಂಬು. ಹೆಗಲ ಹಲಗೆಯ ಹಿಂದೆ ನಿಮ್ಮ ಅಂಗೈ ಇಟ್ಟು ಹೆಗಲನ್ನೇ ಮುಂದಕ್ಕೆ ತನ್ನಿ. ತೋಳು ಹಿಡಿದು ಎಳೆಯಬೇಡಿ. ಸಡಿಲವಾಗಿರುವ ಹೆಗಲ ಕೀಲು ಜಾರಿದರೆ ತಿಂಗಳುಗಟ್ಟಲೆ ನೋವು. ತೋಳು ಎದುರಿಗೆ ನೀಡಿರಲಿ, ಅಂಗೈ ಮೇಲ್ಮುಖವಾಗಿರಲಿ. ಬೆನ್ನಿಗೆ ಒಂದು ದಿಂಬು ಒತ್ತಿರಲಿ. ಬಲತೊಡೆ ನೇರವಾಗಿದ್ದು ಮಂಡಿ ಕೊಂಚ ಬಾಗಿರಲಿ, ಎಡಗಾಲನ್ನು ಮುಂದಕ್ಕೆ ತಂದು ದಿಂಬಿನ ಮೇಲಿಡಿ. ಹೆಗಲಿನ ಮೇಲೆಯೇ ಮೈಭಾರ ಕುಕ್ಕುತ್ತಿದ್ದರೆ ಅವರು ನೋವು ಎನ್ನುತ್ತಾರೆ. ಆಗ ಹಲಗೆಯನ್ನು ಇನ್ನೂ ಒಂದು ಬೆರಳು ಮುಂದಕ್ಕೆ ತಂದರೆ ಸಾಕು.

ಎಡ ಮಗ್ಗುಲಲ್ಲಿ ಬಲಗೈಯನ್ನು ಎದೆಯ ಮುಂದೆ, ಹೆಗಲಿನ ಎತ್ತರಕ್ಕೆ ಬರುವಂತೆ ದಿಂಬಿನ ಮೇಲೆ ಚಾಚಿಡಿ. ಮಣಿಕಟ್ಟು ದಿಂಬಿನ ಅಂಚಿನಿಂದ ಜೋತು ಬೀಳಬಾರದು. ಬಲಗಾಲನ್ನು ಮಡಚಿ ಇನ್ನೊಂದು ದಿಂಬಿನ ಮೇಲಿಡಿ. ಆ ದಿಂಬು ಪಾದದವರೆಗೂ ಬರಬೇಕು, ಇಲ್ಲದಿದ್ದರೆ ಪಾದ ಒಳಕ್ಕೆ ತಿರುಚುತ್ತದೆ. ಅಂಗಾತ ಮಲಗಿಸಲೇಬೇಕಾದಾಗ ಬಲಹೆಗಲ ಹಲಗೆಯ ಅಡಿ ಒಂದು ತೆಳು ದಿಂಬು, ತೋಳಿನ ಕೆಳಗೆ ಇನ್ನೊಂದು, ಸೊಂಟದ ಹೊರಬದಿಗೆ ಸುತ್ತಿದ ಟವೆಲ್. ಮಂಡಿಯ ಕೆಳಗೆ ಸದಾ ದಿಂಬಿಡಬೇಡಿ, ಮಂಡಿ ಮಡಚಿಕೊಂಡೇ ಉಳಿಯುತ್ತದೆ. ಪಾದ ಕೆಳಗಿಳಿಯಬಾರದೆಂದು ಮಂಚದ ತುದಿಗೆ ಹಲಗೆ ಕಟ್ಟುವ ಹಳೆಯ ಪದ್ಧತಿಯನ್ನೂ ಬಿಡಿ. ಬೆರಳುಗಳ ಬುಡದ ಉಬ್ಬಿಗೆ ಗಟ್ಟಿ ಒತ್ತಡ ಬಿದ್ದರೆ ಕಾಲು ಇನ್ನಷ್ಟು ಸೆಟೆದು ಪಾದ ಪಟಪಟ ಅದುರಲು ಶುರುವಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಊಟಕ್ಕೆ, ಟಿ.ವಿ.ಗೆ ಎಂದು ಮೂರು ದಿಂಬು ಒಟ್ಟಿ ಮಂಚದಲ್ಲೇ ಒರಗಿಸುವುದು ಎಲ್ಲ ಮನೆಯಲ್ಲೂ ನಡೆಯುವ ತಪ್ಪು. ಅರ್ಧ ಕೂತ ಆ ಭಂಗಿಯಲ್ಲಿ ಸೊಂಟ ಜಾರುತ್ತದೆ, ಬೆನ್ನು ಗೂನಾಗುತ್ತದೆ, ಕೈ ಬಿಗಿಯಾಗುತ್ತದೆ, ಕಾಲು ಸೆಟೆಯುತ್ತದೆ. ಕೂರಿಸುವುದಾದರೆ ಕುರ್ಚಿಯಲ್ಲೇ ಕೂರಿಸಿ. ಸೊಂಟ, ಮಂಡಿ, ಪಾದದ ಕೀಲು ಮೂರೂ 90 ಡಿಗ್ರಿ, ಹಿಮ್ಮಡಿ ಸಮೇತ ಅಂಗಾಲು ನೆಲಕ್ಕೆ, ಎರಡೂ ಕೈ ಮುಂದಿನ ಮೇಜಿನ ಮೇಲೆ.

ಮುಷ್ಟಿ ಬಿಡಿಸಲು ಬೆರಳುಗಳನ್ನೇ ಹಿಡಿದು ಎಳೆಯಬೇಡಿ. ಮೊದಲು ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಿ. ಬೆರಳು ಮಡಚುವ ಸ್ನಾಯುರಜ್ಜುಗಳಿಗೆ ಆಗ ಸಡಿಲ ಸಿಕ್ಕಿ ಬೆರಳು ತಾವೇ ಬಿಡುತ್ತವೆ. ಹೆಬ್ಬೆರಳನ್ನು ತುದಿಯಲ್ಲಲ್ಲ, ಬುಡದ ದಪ್ಪ ಭಾಗದಲ್ಲಿ ಹಿಡಿದು ಹೊರಗೆ ತನ್ನಿ. ಬೆರಳು ನೀಡಿದ ಮೇಲೆ ಮಣಿಕಟ್ಟನ್ನು ನಿಧಾನವಾಗಿ ಎತ್ತಿ, 30ರಿಂದ 60 ಸೆಕೆಂಡು ಹಾಗೇ ಹಿಡಿದುಕೊಳ್ಳಿ. ನಿಧಾನ ಎಂಬುದು ಇಲ್ಲಿ ಉಪಚಾರದ ಮಾತಲ್ಲ. ಲಕ್ವದ ಬಿಗಿ ವೇಗಕ್ಕೆ ತಿರುಗಿ ಬೀಳುವಂಥದು, ಸರಕ್ಕನೆ ಎಳೆದಷ್ಟೂ ಅದು ಸರಕ್ಕನೆ ಹಿಡಿಯುತ್ತದೆ. ಆಗಲೇ ಬಿಗಿದ ಮುಷ್ಟಿಗೆ ಸ್ಪಂಜಿನ ಚೆಂಡು ಕೊಟ್ಟು ದಿನವಿಡೀ ಹಿಸುಕಿಸುವುದೂ ಬೇಡ. ಅವರಿಗೆ ಬೇಕಿರುವುದು ಕೈ ತೆರೆಯುವ ಅಭ್ಯಾಸ.

ಇನ್ನು ಬಿಸಿನೀರು. ಕಾವು ತಗುಲಿದಾಗ ಸ್ನಾಯು ಮತ್ತು ಅದರ ಹೊದಿಕೆ ಹಿಗ್ಗಲು ಒಪ್ಪುತ್ತವೆ. ಮೈ ಆರುತ್ತಿದ್ದಂತೆ ಬಿಗಿ ಮರಳುತ್ತದೆ; ಕಾಯಿಲೆ ಇರುವುದು ಮಿದುಳಿನಲ್ಲಿ, ನೀರು ಅಲ್ಲಿಗೆ ಮುಟ್ಟುವುದಿಲ್ಲ. ನಿಮಗೆ ಸಿಗುವ ಆ ಅರ್ಧ ಗಂಟೆಯನ್ನು ತಲೆ ಬಾಚಿ, ಪೌಡರ್ ಹಾಕಿ ಕಳೆಯಬೇಡಿ. ಒರೆಸಿ, ಬೆಚ್ಚಗೆ ಹೊದಿಸಿ, ಮುಷ್ಟಿ ಬಿಡಿಸುವುದು, ಮೊಣಕೈ ನೀಡಿಸುವುದು, ಪಾದದ ಕೀಲು ಬಾಗಿಸುವುದು ಎಲ್ಲವನ್ನೂ ಆಗಲೇ ಮಾಡಿ. ನೀರಿನ ಕಾವು 37 ಡಿಗ್ರಿ ಸಾಕು. 25 ಡಿಗ್ರಿಯ ನಲ್ಲಿ ನೀರಿಗೆ 60 ಡಿಗ್ರಿಯ ಗೀಸರ್ ನೀರು ಸೇರಿಸುವುದಾದರೆ 20 ಲೀಟರ್ ಬಕೆಟ್ಟಿಗೆ 13 ಲೀಟರ್ ತಣ್ಣೀರು, 7 ಲೀಟರ್ ಬಿಸಿ. ಕುದಿಯುವ ನೀರಾದರೆ ಮೂರೂಕಾಲು ಲೀಟರ್ ಮಾತ್ರ. ನಮ್ಮ ಮಂಡ್ಯ–ಮೈಸೂರು ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸು. ಯಾವಾಗಲೂ ತಣ್ಣೀರು ಮೊದಲು, ಬಿಸಿ ಆಮೇಲೆ. ಹಂಡೆಯ ನೀರಿನ ಕಾವು ದಿನಕ್ಕೊಂದು ತರಹ, ಆದ್ದರಿಂದ ಅಳತೆಯನ್ನು ನಂಬದೆ ನಿಮ್ಮ ಮೊಣಕೈಯಲ್ಲಿ ಮುಟ್ಟಿ ನೋಡಿ. ತಂದೆಯವರನ್ನೇ ಕೇಳುವುದಾದರೆ ಎಡಗೈಯಲ್ಲಿ ಮುಟ್ಟಿಸಿ ಕೇಳಿ. ಬಲಭಾಗಕ್ಕೆ ಸುಟ್ಟರೂ ತಿಳಿಯದೆ ಹೋಗಬಹುದು.

ಯಾವತ್ತೋ ಒಂದು ದಿನ ಬಿಗಿ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಕೈಕಾಲು ಬಿಟ್ಟು ಬೇರೆಡೆ ಹುಡುಕಿ. ತುಂಬಿದ ಮೂತ್ರಕೋಶ, ಮಲಬದ್ಧತೆ, ಉರಿಮೂತ್ರ, ಬೆನ್ನಿನ ಕೆಳಗೆ ಶುರುವಾದ ಹುಣ್ಣು, ಚರ್ಮಕ್ಕೆ ಚುಚ್ಚುವ ಕಾಲುಗುರು. ಇವುಗಳಲ್ಲಿ ಯಾವುದೇ ಒಂದು ಸಾಕು.

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ, ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗಾದ ಹಾನಿಯಿಂದ ಕೈಕಾಲು ಹತೋಟಿ ತಪ್ಪುವ ತೊಂದರೆ) ಇದೆ. ನೀರಿನಲ್ಲಿ ವ್ಯಾಯಾಮ ಮಾಡಿಸಿ ಎಂದರು. ಈಜುಕೊಳಕ್ಕೆ ಇಳಿಸಿದರೆ ಮೊದಲಿಗಿಂತ ಹೆಚ್ಚು ಸೆಟೆದುಕೊಂಡು ಅಳುತ್ತಾನೆ. ಕತ್ತಿಗೆ ಗಾಳಿ ತುಂಬಿದ ಬಳೆ ಹಾಕಿದ್ದೆವು. ಎಲ್ಲಿ ತಪ್ಪುತ್ತಿದೆ? — ಕುವೆಂಪುನಗರ, ಮೈಸೂರಿನ ಓದುಗರು

ಉತ್ತರ: ಎರಡು ಕಡೆ ತಪ್ಪುತ್ತಿದೆ: ಒಂದು ನೀರಿನ ತಂಪು, ಇನ್ನೊಂದು ಆ ಬಳೆ.

ಸಾಮಾನ್ಯ ಈಜುಕೊಳದ ನೀರು 26ರಿಂದ 28 ಡಿಗ್ರಿ. ತೆರೆದ ಕೊಳವಾದರೆ ಮೈಸೂರಿನ ಡಿಸೆಂಬರ್ ಬೆಳಿಗ್ಗೆ ಅದಕ್ಕಿಂತ ತಂಪು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖವನ್ನು ಸೆಳೆಯುತ್ತದೆ. ನೀವು ಕೈಕಾಲು ಬಡಿದು ಬೆಚ್ಚಗಾಗುತ್ತೀರಿ, ಆದರೆ ನಿಧಾನವಾಗಿ ಚಲಿಸುವ ಸಣಕಲು ಮಗುವಿಗೆ ಅದು ಸಾಧ್ಯವಿಲ್ಲ. ಚಳಿಗೆ ಎಲ್ಲರ ಸ್ನಾಯುವೂ ಬಿಗಿಯುತ್ತದೆ, ಆಗಲೇ ಬಿಗಿಯಿರುವವರದು ದುಪ್ಪಟ್ಟು. ಬಿಗಿ ಇಳಿಸುವ ಉದ್ದೇಶವಿದ್ದರೆ ನೀರು 33ರಿಂದ 35 ಡಿಗ್ರಿ ಇರಬೇಕು. ಅಂಥ ಕೊಳ ಸಿಗದಿದ್ದರೆ ಬೇಸಿಗೆಯ ಮಧ್ಯಾಹ್ನ ಬಿಟ್ಟು ಉಳಿದ ಹೊತ್ತಿನಲ್ಲಿ ಇಳಿಸದಿರುವುದೇ ಮೇಲು.

ಮನೆಯಲ್ಲೇ ದೊಡ್ಡ ಪ್ಲಾಸ್ಟಿಕ್ ಟಬ್ಬು ಆಗುತ್ತದೆ. 25 ಡಿಗ್ರಿಯ 86 ಲೀಟರ್ ನೀರಿಗೆ 14 ಲೀಟರ್ ಕುದಿನೀರು ಸೇರಿಸಿದರೆ 35 ಡಿಗ್ರಿಯ 100 ಲೀಟರ್. ಚೆನ್ನಾಗಿ ಕಲಕಿ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿ ಅದ್ದಿ ನೋಡಿ. ಈ ಥರ್ಮಾಮೀಟರುಗಳು ಸಾಮಾನ್ಯವಾಗಿ 32 ಡಿಗ್ರಿಯಿಂದ ಮೇಲಷ್ಟೇ ಅಂಕಿ ತೋರಿಸುತ್ತವೆ. ಅಂಕಿಯೇ ಬಾರದಿದ್ದರೆ ನೀರು ತಣ್ಣಗಿದೆ ಎಂದೇ ಅರ್ಥ. ಮಗು ಟಬ್ಬಿನಲ್ಲಿರುವಾಗ ಕುದಿನೀರು ಸೇರಿಸಬಾರದು. ಒಂದು ನಿಮಿಷವೂ ಮಗುವನ್ನು ಒಂಟಿಯಾಗಿ ಬಿಡಬಾರದು.

ಬಳೆಯ ವಿಷಯ. ಕತ್ತಿನ ಬಳೆ ತಲೆಯನ್ನು ಹಿಂದಕ್ಕೆ ತಳ್ಳುತ್ತದೆ. ತಲೆ ಹಿಂದಕ್ಕೆ ಹೋದರೆ ಬೆನ್ನು ಬಿಲ್ಲಿನಂತೆ ಬಾಗಿ ಕಾಲು ಕತ್ತರಿಯಾಗುತ್ತದೆ. ತಲೆ ಒಂದೇ ಕಡೆ ತಿರುಗಿದರೆ ಆ ಕಡೆಯ ಕೈ ನೀಡಿ, ಇನ್ನೊಂದು ಮಡಚಿ, ಮಗು ಬಿಲ್ಲು ಹಿಡಿದು ಬಾಣ ಎಳೆದವರ ಹಾಗೆ ಕಾಣುತ್ತದೆ. ಇದನ್ನು ನೀವು ಹಾಸಿಗೆಯಲ್ಲೂ ನೋಡಿರುತ್ತೀರಿ. ಮೈಯ ಒಂದು ಪಕ್ಕ ಹೆಚ್ಚು ಬಿಗಿಯಿದ್ದರೆ ನೀರಿನಲ್ಲಿ ಮಗು ಆ ಪಕ್ಕಕ್ಕೆ ಉರುಳುತ್ತದೆ, ಬಳೆ ಅದನ್ನು ತಡೆಯುವುದಿಲ್ಲ. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಮಕ್ಕಳಿಗೆ ಈಜು ಕಲಿಸಲು ಜೇಮ್ಸ್ ಮೆಕ್‌ಮಿಲನ್ ರೂಪಿಸಿದ ವಿಧಾನದಲ್ಲಿ ತೇಲುಸಾಧನಗಳೇ ಇಲ್ಲ. ಒಂದು ಮಗುವಿಗೆ ಒಬ್ಬ ದೊಡ್ಡವರ ಕೈಯೇ ಆಸರೆ, ತಲೆಯೇ ಚುಕ್ಕಾಣಿ.

ಕೊಳದಲ್ಲಿ ಹಿಡಿಯುವ ರೀತಿ: ನಿಮ್ಮ ಹೆಗಲವರೆಗೆ ನೀರು ಬರುವಂತೆ ಕುಕ್ಕರಗಾಲಿನಲ್ಲಿ ನಿಲ್ಲಿ. ಮಗನ ಬೆನ್ನು ನಿಮ್ಮ ಎದೆಗೆ, ಅವನ ತಲೆ ನಿಮ್ಮ ಹೆಗಲಿಗೆ. ನಿಮ್ಮ ಎರಡೂ ಕೈ ಅವನ ತೊಡೆಗಳ ಕೆಳಗಿದ್ದು ಸೊಂಟ ಮತ್ತು ಮಂಡಿ ಕುರ್ಚಿಯಲ್ಲಿ ಕೂತಂತೆ ಮಡಚಿರಲಿ. ಮಂಡಿಗಳ ನಡುವೆ ಒಂದು ಗೇಣು ಜಾಗ. ಸೊಂಟ ಮಡಚಿದ್ದರೆ ಕಾಲು ಸೆಟೆಯುವುದು ಕಷ್ಟ, ಎಲ್ಲ ಕೆಲಸವೂ ಆ ಒಂದು ಮಡಿಕೆಯ ಮೇಲೆ ನಿಂತಿದೆ. ಎಡಕ್ಕೂ ಬಲಕ್ಕೂ ತೊಟ್ಟಿಲು ತೂಗುವ ವೇಗದಲ್ಲಿ ತೂಗಿ. ಮೈ ಹಗುರವಾದದ್ದು ನಿಮ್ಮ ಕೈಗೇ ತಿಳಿಯುತ್ತದೆ. ಆಮೇಲೆ ಒಂದೊಂದೇ ಕಾಲನ್ನು ನೀಡಿಸಿ ಬಿಡಿ. ವೇಗ ಬೇಡ. ನೀರಿನಲ್ಲಿ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ, ಬಿಗಿಯೂ ಎಚ್ಚರಗೊಳ್ಳುತ್ತದೆ. ಕಿವಿಗೆ ನೀರು ಸರಕ್ಕನೆ ನುಗ್ಗಿದರೂ, ಪಕ್ಕದಲ್ಲಿ ಯಾರಾದರೂ ಧುಮುಕಿದರೂ ಬೆಚ್ಚಿ ಸೆಟೆಯುತ್ತಾನೆ. ಗದ್ದಲವಿಲ್ಲದ ಹೊತ್ತು ನೋಡಿಕೊಳ್ಳಿ.

ಮೊದಮೊದಲು ಹತ್ತು ನಿಮಿಷ, ಒಗ್ಗಿದ ಮೇಲೆ 20ರಿಂದ 30. ತುಟಿ ನೀಲಿಯಾದರೆ, ಗದ್ದ ನಡುಗಿದರೆ ಅಲ್ಲಿಗೆ ನಿಲ್ಲಿಸಿ. ಒಣ ಟವೆಲ್ ನೀರಿನಂಚಿನಲ್ಲೇ ಸಿದ್ಧವಿರಲಿ. ಒದ್ದೆ ಮೈಗೆ ಗಾಳಿ ತಗುಲಿದ ಎರಡೇ ನಿಮಿಷದಲ್ಲಿ ಇಷ್ಟೂ ಶ್ರಮ ವ್ಯರ್ಥವಾಗುತ್ತದೆ. ಹತೋಟಿಗೆ ಬಾರದ ಫಿಟ್ಸ್, ಜ್ವರ, ಕಿವಿ ಸೋರಿಕೆ, ತೆರೆದ ಗಾಯ, ಭೇದಿ ಇದ್ದ ದಿನ ನೀರಿಗೆ ಇಳಿಸಬೇಡಿ. ಕುಡಿಯುವಾಗ ಕೆಮ್ಮುವ, ನೆತ್ತಿ ಹತ್ತುವ ಮಗುವಾದರೆ ಬಾಯಿಯ ಮಟ್ಟಕ್ಕೆ ನೀರು ಬರದಂತೆ ಹಿಡಿಯಬೇಕು.

ಪ್ರಶ್ನೆ: ಫಿಜಿಯೋಥೆರಪಿ ಎರಡನೇ ವರ್ಷದ ವಿದ್ಯಾರ್ಥಿನಿ. ನೀರಿನಲ್ಲಿ ನಿಂತಾಗ ಭಾರ ಎಷ್ಟು ಕಡಿಮೆಯಾಗುತ್ತದೆ? ಭಾರ ಕಡಿಮೆಯಾದ ಮಾತ್ರಕ್ಕೆ ಬಿಗಿ ಯಾಕೆ ಇಳಿಯಬೇಕು? — ಮಂಡ್ಯ

ಉತ್ತರ: ಸೊಂಟದ ಮೂಳೆಯ ಮುಂತುದಿಯವರೆಗೆ ನೀರಿದ್ದರೆ ಪಾದಕ್ಕೆ ಬೀಳುವುದು ಸುಮಾರು ಅರ್ಧ ಭಾರ, ಎದೆಮೂಳೆಯ ಕೆಳತುದಿಯವರೆಗಿದ್ದರೆ ಮೂರನೇ ಒಂದು ಪಾಲು ಅಥವಾ ತುಸು ಕಡಿಮೆ, ಕತ್ತಿನವರೆಗಿದ್ದರೆ ಹತ್ತನೇ ಒಂದರಷ್ಟು. 60 ಕಿಲೋ ತೂಗುವವರಿಗೆ ಕ್ರಮವಾಗಿ 30, 18–20, 5–6 ಕಿಲೋ. ಇವು ಅಲುಗದೆ ನಿಂತಾಗಿನ ಲೆಕ್ಕ, ನಡೆಯತೊಡಗಿದರೆ ಏರುತ್ತವೆ. ಗಂಡಸರಿಗೂ ಹೆಂಗಸರಿಗೂ ಕೊಂಚ ವ್ಯತ್ಯಾಸವಿದೆ, ಮೈಯ ಕೊಬ್ಬು ಎಲ್ಲಿ ಸೇರಿದೆ ಎಂಬುದರ ಮೇಲೆ.

ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ. ನೆಲದ ಮೇಲೆ ನಿಂತಾಗ ದಣಿವಿಲ್ಲದೆ ದುಡಿಯುವುದು ಮೀನಖಂಡದ ಒಳಪದರದ ಸೋಲಿಯಸ್, ಬೆನ್ನಿನ ನೆಟ್ಟ ಸ್ನಾಯುಗಳು ಮತ್ತು ಹೆಡತಲೆಯ ಸ್ನಾಯುಗಳು. ಇವು ಗುರುತ್ವದ ವಿರುದ್ಧ ಕಾವಲು ನಿಂತವು. ಅಂಗಾಲಿನ ಚರ್ಮದಿಂದ ಬರುವ ಒತ್ತಡದ ಸುದ್ದಿಯೇ ಇವಕ್ಕೆ ಹಾಜರಾತಿಯ ಗಂಟೆ. ಆ ಸುದ್ದಿ ನಿಂತರೆ ಕಾವಲು ಸಡಿಲುತ್ತದೆ. ಸೋವಿಯತ್ ವಿಜ್ಞಾನಿಗಳು 1970ರ ದಶಕದಲ್ಲಿ ಶುರುಮಾಡಿದ ‘ಒಣ ಮುಳುಗು’ ಪ್ರಯೋಗದಲ್ಲಿ ಇದು ನಿಚ್ಚಳವಾಗಿ ಕಂಡಿದೆ. ತೊಟ್ಟಿಯ ಬೆಚ್ಚಗಿನ ನೀರಿನ ಮೇಲೆ ನೀರು ಹಿಡಿಯದ ದೊಡ್ಡ ಬಟ್ಟೆ ಹಾಸಿ, ಅದರ ಮಡಿಕೆಯೊಳಗೆ ಮನುಷ್ಯನನ್ನು ಮಲಗಿಸುತ್ತಾರೆ. ಮೈ ಒದ್ದೆಯಾಗುವುದಿಲ್ಲ, ಆದರೆ ಎಲ್ಲೂ ಗಟ್ಟಿ ಆಸರೆ ಇಲ್ಲ. ಗಂಟೆಗಳ ಲೆಕ್ಕದಲ್ಲೇ ಮೀನಖಂಡದ ಬಿಗಿ ಇಳಿಯುತ್ತದೆ. ಅಂಗಾಲಿಗೆ ಮಾತ್ರ ನಡಿಗೆಯ ತಾಳದಲ್ಲಿ ಒತ್ತಡ ಕೊಟ್ಟರೆ ಆ ಇಳಿತ ಬಹುಪಾಲು ತಪ್ಪುತ್ತದೆ. ಬಾಹ್ಯಾಕಾಶದಲ್ಲೂ ಇದೇ ಕಥೆ. 1973–74ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿದ್ದ ಯಾನಿಗಳ ಚಿತ್ರಗಳಲ್ಲಿ ಸಡಿಲ ಬಿಟ್ಟ ಮೈ ತಾನೇ ಸೊಂಟ, ಮಂಡಿ ಬಾಗಿಸಿ, ತೋಳು ಮುಂದೆ ತೇಲಿಸಿ ನಿಲ್ಲುತ್ತದೆ.

ವಾರ್ಡಿನಲ್ಲಿ ಇದರ ಉಪಯೋಗ: ಹಾಸಿಗೆ ಹಿಡಿದವರ ಮೀನಖಂಡ ಮೊದಲು ಕೆಲಸ ಕಳೆದುಕೊಂಡು ಆಮೇಲೆ ಗಿಡ್ಡವಾಗುತ್ತದೆ. ದಿನಕ್ಕೆ ಕೆಲವು ಸಲ ಮಂಚದಂಚಿನಲ್ಲಿ ಕೂರಿಸಿ ಇಡೀ ಅಂಗಾಲನ್ನು ನೆಲಕ್ಕೆ ಊರಿಸಿ. ಮಂಚ ಎತ್ತರವಾದರೆ ಮಣೆ ಇಡಿ. ಮಳವಳ್ಳಿಯವರಿಗೆ ಕೊಟ್ಟ ಉತ್ತರಕ್ಕೂ ಇದಕ್ಕೂ ವಿರೋಧ ಕಾಣಬಹುದು, ಆದರೆ ಇಲ್ಲ. ಬೆರಳ ಬುಡಕ್ಕೆ ಮಾತ್ರ ಒತ್ತಿದರೆ ಸೆಟೆತ ಬರುತ್ತದೆ. ಹಿಮ್ಮಡಿಗೆ ಭಾರ ಬಿದ್ದು, ಮಂಡಿ ಅದರ ಮುಂದಕ್ಕೆ ಸರಿದರೆ ಮೀನಖಂಡಕ್ಕೆ ನಿಧಾನ ಎಳೆತ ಸಿಕ್ಕಿ ಸೆಟೆತ ಇಳಿಯುತ್ತದೆ.

ಪ್ರಶ್ನೆ: ಈಜುವಾಗ ಹದಿನೈದು ನಿಮಿಷಕ್ಕೆಲ್ಲ ಮೀನಖಂಡ ಹಿಡಿದುಕೊಳ್ಳುತ್ತದೆ. ನಾಲೆಯಲ್ಲಿ ಒಮ್ಮೆ ಹೀಗಾಗಿ ಗಾಬರಿಯಾಯಿತು. — ಪಾಂಡವಪುರದ ಓದುಗರು

ಉತ್ತರ: ಈಜುವಾಗ ಪಾದ ಕೆಳಮುಖವಾಗಿ ನೀಡಿರುತ್ತದೆ, ಮೀನಖಂಡ ಕುಗ್ಗಿದ ಉದ್ದದಲ್ಲೇ ಮತ್ತೆ ಮತ್ತೆ ಬಿಗಿಯುತ್ತಿರುತ್ತದೆ. ಕುಗ್ಗಿದ ಸ್ನಾಯು ಇನ್ನೂ ಕುಗ್ಗಲು ಹೊರಟಾಗ ಸೆಳೆತ. ರಾತ್ರಿ ಭಾರದ ಕಂಬಳಿ ಪಾದವನ್ನು ಕೆಳಕ್ಕೆ ಒತ್ತಿದಾಗ ಆಗುವುದೂ ಇದೇ. ತಣ್ಣೀರು, ದಣಿವು, ಬೆರಳನ್ನು ಬಲವಂತವಾಗಿ ಚೂಪು ಮಾಡಿ ಒದೆಯುವ ಅಭ್ಯಾಸ ಸೇರಿದರೆ ಇನ್ನೂ ಬೇಗ.

ಹಿಡಿದಾಗ ಒದೆಯುವುದನ್ನು ನಿಲ್ಲಿಸಿ. ಉಸಿರು ತುಂಬಿಕೊಂಡು ಅಂಗಾತ ತೇಲಿ, ಮಂಡಿ ನೀಡಿ, ಕಾಲ್ಬೆರಳನ್ನು ಮೂಗಿನ ಕಡೆಗೆ ಎಳೆದು ಗಂಟು ಬಿಡುವವರೆಗೆ ಹಿಡಿಯಿರಿ. ಬಹುತೇಕ ಅರ್ಧ ನಿಮಿಷ ಸಾಕು. ಕಾಲು ನಿಲುಕುವ ಆಳವಾದರೆ ಹಿಮ್ಮಡಿ ಊರಿ ನಿಲ್ಲಿ. ಗಂಟನ್ನು ಹಿಸುಕುವುದು ಆಮೇಲೆ. ಒಮ್ಮೆ ಹಿಡಿದ ಕಾಲು ಅದೇ ದಿನ ಮತ್ತೆ ಹಿಡಿಯುತ್ತದೆ, ಮೇಲಕ್ಕೆ ಬಂದುಬಿಡಿ. ನೀರಿಗಿಳಿಯುವ ಮೊದಲು ಗೋಡೆಗೆ ಕೈಯೂರಿ, ಹಿಂದಿನ ಹಿಮ್ಮಡಿ ನೆಲ ಬಿಡದಂತೆ ಪ್ರತಿ ಕಾಲಿಗೂ 30 ಸೆಕೆಂಡಿನ ಎಳೆತ, ಮೂರು ಸಲ. ವಾರಕ್ಕೆ ನಾಲ್ಕು ಸಲ ಸೆಳೆತ ಬಂದರೆ, ಅಥವಾ ನೀವು ಮೂತ್ರದ ಮಾತ್ರೆ ತೆಗೆದುಕೊಳ್ಳುವವರಾದರೆ ವೈದ್ಯರಿಗೆ ತೋರಿಸಿ.

ನಾಲೆಯಲ್ಲಿ ಮಾತ್ರ ಬೇಡ. ವಿಶ್ವೇಶ್ವರಯ್ಯ ನಾಲೆಯಂಥ ಕಡೆ ಪಾಚಿ ಕಟ್ಟಿದ ಇಳಿಜಾರು ದಡದಲ್ಲಿ ಎರಡು ಕಾಲು ಸರಿಯಿದ್ದವರಿಗೇ ಹತ್ತಲು ಹಿಡಿ ಸಿಗುವುದಿಲ್ಲ, ಹರಿವು ನಿಮಗಾಗಿ ಕಾಯುವುದೂ ಇಲ್ಲ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಪಾರ್ಕಿನ್ಸನ್ ಕಾಯಿಲೆ. ಮೈ ಮರದ ಹಾಗೆ. ಇದೂ ಲಕ್ವದ ಬಿಗಿಯೇ? ಹಾಸಿಗೆಯಲ್ಲಿ ಹೊರಳಲು ಆಗುವುದಿಲ್ಲ. — ಶ್ರೀರಂಗಪಟ್ಟಣದ ಓದುಗರು

ಉತ್ತರ: ಅಲ್ಲ. ಲಕ್ವದ ಬಿಗಿ ವೇಗವಾಗಿ ಎಳೆದಾಗ ಹೆಚ್ಚು, ನಿಧಾನಕ್ಕೆ ಕಡಿಮೆ. ಪಾರ್ಕಿನ್ಸನ್ನಿನದು ನಿಧಾನಕ್ಕೂ ವೇಗಕ್ಕೂ, ಮಡಚುವಾಗಲೂ ನೀಡುವಾಗಲೂ ಒಂದೇ ತೆರ. ಸೀಸದ ಕೊಳವೆ ಬಗ್ಗಿಸಿದಂತೆ. ನಡುಕವೂ ಸೇರಿದರೆ ಹಲ್ಲಿನ ಚಕ್ರ ತಿರುಗಿಸಿದಂತೆ ತಟಕ್ ತಟಕ್ ಎನ್ನುತ್ತದೆ. ಇಲ್ಲಿ ಮೈ ಮುಂದಕ್ಕೆ ಬಾಗುವುದೇ ಮುಖ್ಯ ತೊಂದರೆ. ದಿನಕ್ಕೆರಡು ಸಲ ಹತ್ತು ಹದಿನೈದು ನಿಮಿಷ ತೆಳುದಿಂಬಿನ ಮೇಲೆ ಅಂಗಾತ ಚಪ್ಪಟೆಯಾಗಿ ಮಲಗಿಸಿ, ಅಂಗೈ ಮೇಲ್ಮುಖ.

ಹೊರಳಲು ಒಂದು ಉಪಾಯ: ಸೊಂಟ ಬರುವ ಜಾಗದಲ್ಲಿ ಮಾತ್ರ ಹಾಸಿಗೆಗೆ ಅಡ್ಡಲಾಗಿ ಹಳೇ ರೇಷ್ಮೆ ಸೀರೆಯ ತುಂಡನ್ನು ಬಿಗಿಯಾಗಿ ಸಿಗಿಸಿ. ಜರಿಯಂಚು ಬೇಡ, ಚುಚ್ಚುತ್ತದೆ. ಮಂಚದ ಅಂಚಿಗೆ ಬಾರದಿರಲಿ, ಏಳುವಾಗ ಜಾರುತ್ತಾರೆ. ಹೊರಳುವಾಗ ಮೊದಲು ಮಂಡಿ ಮಡಚಿ, ತಲೆ ತಿರುಗಿಸಿ, ಕೈ ಚಾಚಿ, ಆಮೇಲೆ ಮಂಡಿಗಳನ್ನು ಆ ಕಡೆಗೆ ಬೀಳಿಸಬೇಕು. ಇಡೀ ಮೈ ಒಟ್ಟಿಗೆ ತಿರುಗುವುದಿಲ್ಲ. ಬೆಚ್ಚನೆಯ ಸ್ನಾನ ಹಿತವೇ, ಆದರೆ ಕೂತೇ ಮಾಡಿಸಿ. ಈ ಕಾಯಿಲೆಯಲ್ಲೂ ಅದರ ಮಾತ್ರೆಯಲ್ಲೂ ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವುದುಂಟು. ಆಳದ ನೀರಿಗಂತೂ ಇಳಿಸಲೇಬೇಡಿ. ಮೊದಲು ಚೆನ್ನಾಗಿ ಈಜುತ್ತಿದ್ದವರಿಗೂ ಈ ಕಾಯಿಲೆಯಲ್ಲಿ ಈಜು ಕೈಕೊಡುತ್ತದೆ.

ಪ್ರಶ್ನೆ: ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಎಲ್ಲರೂ ಬಿಸಿನೀರು ಒಳ್ಳೆಯದು ಅನ್ನುತ್ತಾರೆ, ನನಗೆ ಬಿಸಿನೀರ ಸ್ನಾನವಾದ ಮೇಲೆ ಕಾಲೇ ಬರುವುದಿಲ್ಲ. — ಮೈಸೂರು

ಉತ್ತರ: ನಿಮ್ಮ ಅನುಭವವನ್ನೇ ನಂಬಿ. ಈ ಕಾಯಿಲೆಯಲ್ಲಿ ನರಗಳ ಹೊದಿಕೆ ಸವೆದಿರುತ್ತದೆ. ಅಂಥ ನರದಲ್ಲಿ ಕಾವು ಏರಿದರೆ ಸಂದೇಶ ದಾರಿಯಲ್ಲೇ ನಿಲ್ಲುತ್ತದೆ. ಹಿಂದೆ ಈ ಕಾಯಿಲೆಯನ್ನು ಗುರುತಿಸಲು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ನೋಡುತ್ತಿದ್ದ ಕಾಲವೂ ಇತ್ತು. ಮೈ ತಣಿದರೆ ಶಕ್ತಿ ಮರಳುತ್ತದೆ, ಶಾಶ್ವತ ಹಾನಿಯಲ್ಲ. ಆದರೆ ಬಚ್ಚಲಲ್ಲಿ ಬಿದ್ದರೆ ಹಾನಿಯೇ. ಉಗುರುಬೆಚ್ಚಗಿಂತ ತಂಪಾದ ನೀರು ಬಳಸಿ. ವ್ಯಾಯಾಮಕ್ಕೆ 27ರಿಂದ 29 ಡಿಗ್ರಿಯ ಕೊಳ, ಅಂದರೆ ಕುವೆಂಪುನಗರದ ಮಗುವಿಗೆ ಬೇಡವೆಂದ ಸಾಮಾನ್ಯ ಈಜುಕೊಳವೇ ನಿಮಗೆ ಸರಿ.

ಪ್ರಶ್ನೆ: ಯೋಗ ತರಗತಿಯಲ್ಲಿ ಶವಾಸನಕ್ಕೆ ಮಲಗಿದರೆ ಎಲ್ಲರಿಗೂ ಸಡಿಲವಾದರೆ ನನಗೆ ಸೊಂಟ ಹಿಡಿಯುತ್ತದೆ. — ಗೋಕುಲಂ, ಮೈಸೂರಿನ ಓದುಗರು

ಉತ್ತರ: ತೊಡೆಯನ್ನು ಎತ್ತುವ ಒಳಸ್ನಾಯು ಗಿಡ್ಡವಾಗಿದ್ದರೆ ಕಾಲು ನೀಡಿದಾಗ ಅದು ಸೊಂಟದ ಕಂಬವನ್ನು ಮುಂದಕ್ಕೆ ಎಳೆದು ಕಮಾನು ಮಾಡುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತವರಿಗೆ ಇದು ಸಾಮಾನ್ಯ. ಮಂಡಿಯ ಕೆಳಗೆ ಸುತ್ತಿದ ಜಮಖಾನ ಇಡಿ, ಅಥವಾ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಸೊಂಟ, ಮಂಡಿ 90 ಡಿಗ್ರಿ ಮಾಡಿ. ಗದ್ದ ಮೇಲಕ್ಕೆ ಎದ್ದಿದ್ದರೆ ತಲೆಯಡಿ ಮಡಚಿದ ಟವೆಲ್. ಶವದಂತೆ ನೇರವಾಗಿರಲೇಬೇಕೆಂದು ಹಟ ಬೇಡ. ಲಕ್ವದವರಿಗೆ ಮಂಡಿಯಡಿ ದಿಂಬು ಬೇಡವೆಂದದ್ದು ದಿನವಿಡೀ ಇಡುವುದರ ಬಗ್ಗೆ. ಹತ್ತು ನಿಮಿಷಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ಹೊಳೆಯಲ್ಲಿ ಕತ್ತುಮಟ್ಟ ನಿಂತು ಸ್ನಾನ ಮಾಡಿ ಮೆಟ್ಟಿಲು ಹತ್ತುವಾಗ ಕಾಲು ಸೀಸದಷ್ಟು ಭಾರ, ತಲೆ ಗಿರ್ರ್ ಎನ್ನುತ್ತದೆ. ನೀರಿನಲ್ಲಿದ್ದಾಗ ಮೂತ್ರಕ್ಕೂ ಅವಸರ. ವಯಸ್ಸು 70. — ತಿ. ನರಸೀಪುರದ ಓದುಗರು

ಉತ್ತರ: ಮೂರಕ್ಕೂ ಮೂಲ ನೀರಿನ ಒತ್ತಡ. ಒಂದು ಮೀಟರ್ ಆಳದಲ್ಲಿ ಅದು ಪಾದರಸದ 74 ಮಿಲಿಮೀಟರಿನಷ್ಟು. ಕಾಲಿಗೆ ಬಿಗಿ ಕಾಲ್ಚೀಲ ಹಾಕಿದ ಹಾಗೆ. ಕತ್ತಿನವರೆಗೆ ಮುಳುಗಿದಾಗ ಸುಮಾರು 700 ಮಿಲಿಲೀಟರ್ ರಕ್ತ ಕಾಲು, ಹೊಟ್ಟೆಯಿಂದ ಎದೆಗೆ ಸರಿಯುತ್ತದೆ. ರಕ್ತ ಜಾಸ್ತಿಯಾಯಿತೆಂದು ಹೃದಯ ತಿಳಿದು ಮೂತ್ರಪಿಂಡಕ್ಕೆ ಹೊರಹಾಕಲು ಹೇಳುತ್ತದೆ, ಅದೇ ಅವಸರ. ಮೇಲೆ ಬರುತ್ತಿದ್ದಂತೆ ಕಾಲ್ಚೀಲ ಕಳಚಿ ರಕ್ತ ಕಾಲಿಗೆ ಇಳಿಯುತ್ತದೆ, ತಲೆಗೆ ಕೊರತೆ ಬೀಳುತ್ತದೆ. ಜೊತೆಗೆ ಐದಾರು ಕಿಲೋ ಹೊತ್ತಿದ್ದ ಕಾಲಿನ ಮೇಲೆ ಒಂದೇ ಸಲ ಇಡೀ ಮೈಭಾರ. ಕಾವಲು ಬಿಟ್ಟಿದ್ದ ಸ್ನಾಯುಗಳು ಮತ್ತೆ ಕೆಲಸಕ್ಕೆ ಹಾಜರಾಗಲು ತುಸು ಹೊತ್ತು ಬೇಕು.

ಮೊದಲು ಮೂತ್ರ ಮಾಡಿ ಇಳಿಯಿರಿ. ಕತ್ತಿನವರೆಗೆ ಬೇಡ, ಸೊಂಟ ಸಾಕು. ಆಳದಲ್ಲಿ ಉಸಿರಾಟಕ್ಕೂ ಹೆಚ್ಚು ಶ್ರಮ. ಹತ್ತುವ ಮೊದಲು ಸೊಂಟಮಟ್ಟದಲ್ಲಿ ಎರಡು ನಿಮಿಷ, ಮಂಡಿಮಟ್ಟದಲ್ಲಿ ಎರಡು ನಿಮಿಷ ನಿಂತು, ಹಿಮ್ಮಡಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸಿ. ಮೀನಖಂಡ ಹಿಂಡಿದಾಗ ರಕ್ತ ಮೇಲೇರುತ್ತದೆ. ಮೆಟ್ಟಿಲಿನ ಮೇಲೆ ಮೊದಲು ಕೂತು, ಮೈ ಒರೆಸಿಕೊಂಡು ಆಮೇಲೆ ಏಳಿ. ರಕ್ತದೊತ್ತಡದ ಮಾತ್ರೆ ನುಂಗುವವರಾದರೆ ಈ ತಲೆಸುತ್ತನ್ನು ವೈದ್ಯರಿಗೆ ಹೇಳಿ. ಹೃದಯ ದುರ್ಬಲವಾಗಿ ಕಾಲು ಬಾತುಕೊಳ್ಳುವ ಅಥವಾ ರಾತ್ರಿ ಅಂಗಾತ ಮಲಗಿದರೆ ದಮ್ಮು ಕಟ್ಟುವ ತೊಂದರೆ ನಿಮಗಿದ್ದರೆ ಹೊಳೆಗೆ ಇಳಿಯದೆ ದಡದಲ್ಲೇ ಕೂತು ಚೊಂಬಿನಲ್ಲಿ ಹುಯ್ದುಕೊಳ್ಳಿ.